ಗದರುವ ದೀಪ

"ಗುರುಗಳೇ, ನಮ್ಮ ಮೇಳದಿಂದ ತಾಳದ ಈರಜ್ಜನನ್ನು ಬಿಡಿಸಿದರೆ ಆಗದೇ?"

ಕೇಳಿದವನು ಶಿಷ್ಯ ಹಾಲಪ್ಪ. ಭಜನಾ ಮೇಳದಲ್ಲಿ ಪದ ಎತ್ತುವವನು ಅವನೇ. ಸುತ್ತಲ ಊರುಗಳಲ್ಲಿ ಅಂಥ ಕಂಠ ಇನ್ನೊಂದಿಲ್ಲ. ಇದೆ ಎನ್ನುವವರು ಕರೆದುಕೊಂಡು ಬರಲಿ, ನೋಡೋಣ. ಆದರೆ ಹಿಂದಿನ ಸಂಜೆ ನೆರೆಯೂರಿನವರ ಮುಂದೆ ಅವನ ಹಾಡು ತಾಳ ಬಿಟ್ಟು ತುಸು ಮುಂದಕ್ಕೆ ಓಡಿತ್ತು. ಪಕ್ಕದಲ್ಲಿ ಕೂತ ಈರಜ್ಜ ತಾಳವನ್ನು ಬೇಕೆಂದೇ ಜೋರಾಗಿ ತಟ್ಟಿ ಅವನನ್ನು ಹಿಂದಕ್ಕೆ ಎಳೆದಿದ್ದ. ಹೆಂಗಸರ ಸಾಲಿನಲ್ಲಿ ಯಾರೋ ನಕ್ಕಿದ್ದರು.

"ತಪ್ಪಿದಾಗಲೆಲ್ಲ ಟಣ್ ಎನ್ನುತ್ತಾನೆ. ಆ ಸದ್ದೊಂದು ಇಲ್ಲದಿದ್ದರೆ ನಾನು ತಪ್ಪಿದೆ ಅಂತ ಯಾರಿಗೆ ಗೊತ್ತಾಗುತ್ತದೆ?" ಎಂದ ಹಾಲಪ್ಪ.

ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸಿದರು.

"ಒಂದು ಕಾರಿನ ಕತೆ ಹೇಳುತ್ತೇನೆ. ನೀನು ನಂಬುವುದಿಲ್ಲ. ನಂಬಬೇಡ. ಕಾರು ಓಡುವುದಕ್ಕೂ ನಿಲ್ಲುವುದಕ್ಕೂ ನಿನ್ನ ನಂಬಿಕೆ ಬೇಕಾಗಿಲ್ಲ," ಎಂದರು. ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಅವನಲ್ಲಿ ಒಂದು ಹಳೆಯ ಕಾರು ಇತ್ತು. ಕಾರಿಗೆ ಒಬ್ಬ ಡ್ರೈವರ್ ಇದ್ದ. ಎತ್ತಿನ ಬಾಲ ತಿರುವುತ್ತ ಬೆಳೆದವನು. ಪೇಟೆಗೆ ಬಂದ ಮೇಲೂ ದನಿ ತಗ್ಗಿಸಲು ಕಲಿತಿರಲಿಲ್ಲ. "ನಾನು ಕೂತರೆ ಕಾರೇನು, ಬೀಸುಕಲ್ಲೂ ಓಡುತ್ತದೆ," ಎನ್ನುತ್ತಿದ್ದ. ಅದು ಪೂರ್ತಿ ಸುಳ್ಳಲ್ಲ. ಅವನ ಕೈಯಲ್ಲಿ ಆ ಕಾರು ಹೆಸರು ಹಿಡಿದು ಕರೆದ ಕರುವಿನ ಹಾಗೆ ಬರುತ್ತಿತ್ತು.

ವ್ಯಾಪಾರಿಗೆ ತಡವಾಗಿ ಒಂದು ಮಗು ಹುಟ್ಟಿತು. ನಾಮಕರಣ ಗೊತ್ತಾಯಿತು. ಅವರ ಮನೆತನದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಉಸುರುವವಳು ಸೋದರತ್ತೆ. ಅವಳು ಉಸುರುವ ತನಕ ಆ ಹೆಸರು ಹೆತ್ತವರಿಗೂ ತಿಳಿಯಬಾರದು. ಅವಳು ಬರುವಷ್ಟರಲ್ಲಿ ಗಳಿಗೆ ಮೀರುವಂತಿದ್ದರೆ, ಅಲ್ಲಿದ್ದ ಹಿರಿಯಳೊಬ್ಬಳು ತೋಚಿದ ಹೆಸರು ಹೇಳಿ ತೊಟ್ಟಿಲು ತೂಗಬೇಕು. ಆಮೇಲೆ ಅದೇ ಹೆಸರು, ಬದಲಿಸುವ ಹಾಗಿಲ್ಲ.

ವ್ಯಾಪಾರಿಗೆ ಇದ್ದವಳು ಒಬ್ಬಳೇ ಅಕ್ಕ. ಘಾಟಿಯ ಮೇಲಿನ ಊರಿನಲ್ಲಿದ್ದಳು. ಮೊಣಕಾಲು ಸೋತು ಬಸ್ಸು ಹತ್ತಲಾರಳು.

"ನಾಳೆ ಸೂರ್ಯ ಹುಟ್ಟುವ ಗಳಿಗೆಗೆ ಮುಹೂರ್ತ. ಅಷ್ಟರೊಳಗೆ ಅಕ್ಕನನ್ನು ಮನೆ ಮುಟ್ಟಿಸು," ಎಂದ ವ್ಯಾಪಾರಿ. "ನಾನು ಹೇಗೂ ಹೊಸ ಗಾಡಿ ತರುವವನು. ಮುಟ್ಟಿಸಿದರೆ ಈ ಕಾರು ನಿನ್ನದು."

"ಧಣಿ, ಕಾರು ನನ್ನದಾಯಿತು ಅಂದುಕೊಳ್ಳಿ," ಎಂದ ಡ್ರೈವರ್.

ಆ ಕಾರಿನ ಮೀಟರಿನ ಪಕ್ಕದಲ್ಲಿ ಒಂದು ಕೆಂಪು ದೀಪವಿತ್ತು. ಚಾವಿ ತಿರುಗಿಸಿದಾಗ ಹೊತ್ತಬೇಕು, ಎಂಜಿನ್ ಎದ್ದ ಮೇಲೆ ಆರಬೇಕು. ಕೆಲವು ದಿನಗಳಿಂದ ಅದು ಪೂರ್ತಿ ಆರುತ್ತಿರಲಿಲ್ಲ. ಗಾಡಿ ನಿಧಾನವಾದಾಗ ಮಿಣುಕುತ್ತಿತ್ತು, ಓಡಿದಾಗ ಅಡಗುತ್ತಿತ್ತು, ಮತ್ತೆ ಮಿಣುಕುತ್ತಿತ್ತು. ಕರೆಂಟಿನ ಕೆಲಸದವನು ಬಾನೆಟ್ ಎತ್ತಿ ನೋಡಿ, "ಡೈನಮೋ ತಿರುಗಿಸುವ ಬೆಲ್ಟ್ ಸಡಿಲವಾಗಿದೆ. ಬಿಟ್ಟು ಹೋಗು, ಬಿಗಿ ಮಾಡಿಡುತ್ತೇನೆ," ಎಂದಿದ್ದ. ತನ್ನ ಗಾಡಿಯ ನಾಡಿ ಇನ್ನೊಬ್ಬ ಹಿಡಿಯುವುದು ಡ್ರೈವರನಿಗೆ ಸೇರಲಿಲ್ಲ. ಬಿಟ್ಟು ಹೋಗಲಿಲ್ಲ.

ಹೊರಡುವ ದಿನ ಟೀ ಅಂಗಡಿಯ ಮುಂದೆ ನಿಂತಾಗ ಅಲ್ಲಿದ್ದವರು ಕಿಟಕಿಯಲ್ಲಿ ಇಣುಕಿದರು.

"ಏನಪ್ಪಾ, ನಿನ್ನ ಕಾರಿಗೆ ಕಣ್ಣುಬೇನೆಯೇ?" ಎಂದ ಒಬ್ಬ. "ಧಣಿಗಳ ಮನೆಯಲ್ಲಿ ಬಾಣಂತಿ ಇದ್ದಾರಲ್ಲ, ಎರಡು ಹನಿ ಎದೆಹಾಲು ಬಿಡಿಸು."

ಎಲ್ಲರೂ ನಕ್ಕರು. ಡ್ರೈವರನೂ ನಕ್ಕ, ಆದರೆ ಕಿವಿ ಬಿಸಿಯಾಯಿತು. ಧಣಿಯ ಅಕ್ಕ ಪಕ್ಕದಲ್ಲಿ ಕೂರುವಾಗ ಈ ಕೆಂಪು ಕಣ್ಣು ಅವಳನ್ನೂ ನೋಡುತ್ತದಲ್ಲ ಎನಿಸಿತು. ಮೀಟರಿನ ಹಿಂದಕ್ಕೆ ಕೈ ತೂರಿಸಿ, ಬಲ್ಬನ್ನು ಎರಡು ಬೆರಳಲ್ಲಿ ತಿರುವಿ ಕಿತ್ತು, ಗೇರಿನ ಮುಂದಿನ ಗೂಡಿಗೆ ಎಸೆದ.

"ಆಯಿತು ರಿಪೇರಿ," ಎಂದ.

ಕಾರು ಹೊರಟಿತು. ಮೀಟರಿನ ಪಕ್ಕ ಗಾಳಿಯಿಲ್ಲದ ಕೆರೆಯಂತೆ ಕಪ್ಪಾಗಿತ್ತು, ಶಾಂತವಾಗಿತ್ತು. ಡ್ರೈವರ್ ಸಿಳ್ಳೆ ಹಾಕುತ್ತ ಘಾಟಿ ಹತ್ತಿದ. ಹಗಲು, ಯಾವ ತೊಂದರೆಯೂ ಆಗಲಿಲ್ಲ.

ಇಳಿಹೊತ್ತಿನಲ್ಲಿ ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ತಿರುಗಿ ಹೊರಟ. ಅವಳ ಕೈಗೆ ಗೂಡಿನಲ್ಲಿದ್ದ ಬಲ್ಬು ಸಿಕ್ಕಿತು.

"ಇದೇನು ತಮ್ಮಾ, ಹವಳದ ಹಾಗಿದೆ?"

"ಬೇಡದ್ದು ಅಮ್ಮಾ. ಬಿಸಾಡಿ."

ಅವಳು ಬಿಸಾಡಲಿಲ್ಲ. ಅಂಗೈಯಲ್ಲಿ ಹೊರಳಿಸುತ್ತ ಕೂತಳು.

"ಏನು ಹೆಸರು ಅಂದುಕೊಂಡಿದ್ದೀರಿ?" ಎಂದು ಅವನು ಕೇಳಿದ.

"ನೀನು ಬಲು ಜಾಣ. ಅದನ್ನು ಮೊದಲು ಕೇಳಬೇಕಾದ ಕಿವಿ ತೊಟ್ಟಿಲಲ್ಲಿದೆ," ಎಂದು ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಸರು ಎಲ್ಲಿ ಜಾರೀತೋ ಎನ್ನುವ ಹಾಗೆ.

ಸೂರ್ಯ ಮುಳುಗುತ್ತಿದ್ದಂತೆ ಘಾಟಿಯಲ್ಲಿ ಮಂಜು ಎದ್ದಿತು. ಡ್ರೈವರ್ ದೀಪ ಹಾಕಿದ, ವೈಪರ್ ಹಾಕಿದ. ಮರಗಳು ಬಂದವು, ಹೋದವು. ಆಮೇಲೆ ಮರಗಳೂ ಇಲ್ಲ. ಮೋಡದ ಮೇಲೆ ಕಾರು ತೇಲುತ್ತಿದೆಯೋ, ಕಾರಿನ ಕೆಳಗೆ ರಸ್ತೆ ತೇಲುತ್ತಿದೆಯೋ ತಿಳಿಯದಾಯಿತು. ಮುಂದಿನ ಬೆಳಕು ಬಿಳಿಯಾಗಿದ್ದದ್ದು ಬೆಣ್ಣೆಯ ಬಣ್ಣಕ್ಕೆ ತಿರುಗಿತು. ಬೆಣ್ಣೆ ಅರಿಸಿನವಾಯಿತು. ಮಂಜು ದಟ್ಟವಾಯಿತು ಎಂದುಕೊಂಡ ಡ್ರೈವರ್. ವೈಪರ್ ನಿಧಾನವಾಯಿತು, ತೂಕಡಿಸುವ ತಾಯಿ ತೊಟ್ಟಿಲು ತೂಗುವ ಹಾಗೆ ಹೋಗಿ, ಎಲ್ಲೋ ನಿಂತು, ನೆನಪಾಗಿ ಮರಳುತ್ತಿತ್ತು. ಚಳಿಗೆ ಹಾಗಾಗುತ್ತದೆ ಎಂದುಕೊಂಡ. ತಿರುವಿನಲ್ಲಿ ಹಾರನ್ ಒತ್ತಿದ. ಹಸುಗೂಸು ಬಿಕ್ಕಿದ ಹಾಗೆ ಕೇಳಿತು. ಅವನಿಗೆ ಭಯವಾಗಲಿಲ್ಲ. ಭಯಪಡು ಎಂದು ಹೇಳುವಂಥದ್ದು ಅವನ ಕಣ್ಣ ಮುಂದೆ ಏನೂ ಇರಲಿಲ್ಲ. ಎಲ್ಲವೂ ಮೆತ್ತಗಿತ್ತು, ಸವಿಯಾಗಿತ್ತು, ಜೋಗುಳ ಕೇಳುತ್ತ ಮಲಗಿದ ಹಾಗಿತ್ತು.

ಅರಿಸಿನ ಕೆಂಡವಾಯಿತು. ಕೆಂಡ ಬೂದಿಯಾಯಿತು. ಎಂಜಿನ್ ಒಮ್ಮೆ ಕೆಮ್ಮಿ ನಿಂತಿತು.

ಚಾವಿ ತಿರುಗಿಸಿದ. ಕಾರು ಉಸಿರೆತ್ತಲಿಲ್ಲ.

"ಹೀಗಾಗುತ್ತದೆ ಅಂತ ಅದು ಮೊದಲೇ ಏನೂ ಸುಳಿವು ಕೊಡಲಿಲ್ಲವೇ?" ಎಂದು ಅಕ್ಕ ಕೇಳಿದಳು.

"ಇಲ್ಲ ಅಮ್ಮಾ," ಎಂದವನ ಕಣ್ಣು ಅವಳ ಮುಚ್ಚಿದ ಮುಷ್ಟಿಯ ಮೇಲೆ ಹೋಯಿತು.

ಅಂಥ ಮಂಜಿನಲ್ಲಿ ಘಾಟಿಗೆ ಯಾರು ಬರುತ್ತಾರೆ? ಯಾರೂ ಬರಲಿಲ್ಲ. ಮಂಜು ತೆಳುವಾಗಿ ಮೂಡಣ ಬೆಳ್ಳಗಾಗುವ ಹೊತ್ತಿಗೆ ಒಂದು ಲಾರಿ ಬಂದು, ಹಗ್ಗ ಕಟ್ಟಿ, ಕಾರನ್ನು ಎಳೆದುಕೊಂಡು ಮೆಲ್ಲಗೆ ಇಳಿಯತೊಡಗಿತು. ಅರ್ಧ ಇಳಿಯುವಷ್ಟರಲ್ಲಿ ಕಣಿವೆಯಾಚೆ ಸೂರ್ಯ ಹುಟ್ಟಿದ. ಅಕ್ಕ ಅದನ್ನು ನೋಡಿದಳು. ಕಿಟಕಿಯ ಗಾಜಿಗೆ ತುಟಿ ತಂದು ಏನೋ ಉಸುರಿದಳು. ಗಾಜು ಮಸುಕಾಯಿತು, ಮತ್ತೆ ತಿಳಿಯಾಯಿತು. ಡ್ರೈವರ್ ಪಕ್ಕದಲ್ಲೇ ಇದ್ದ, ಅವನಿಗೂ ಕೇಳಲಿಲ್ಲ.

ಅವರು ಮನೆ ಮುಟ್ಟಿದಾಗ ತೊಟ್ಟಿಲು ತೂಗುತ್ತಿತ್ತು. ಪಕ್ಕದ ಮನೆಯ ಮುದುಕಿ ಇಟ್ಟ ಹೆಸರಿನಿಂದ ಎಲ್ಲರೂ ಮಗುವನ್ನು ಕರೆಯುತ್ತಿದ್ದರು. ಅಕ್ಕನೂ ಅದೇ ಹೆಸರು ಹಿಡಿದು ಕರೆದಳು.

ಅಂಗಳದಲ್ಲಿ ಕರೆಂಟಿನ ಕೆಲಸದವನು ಕಾರನ್ನು ನೋಡಿದ. ಬೆಲ್ಟ್ ಮುಟ್ಟಿದ, ತಂತಿ ಮುಟ್ಟಿದ, ಕೊನೆಗೆ ಮೀಟರಿನ ಪಕ್ಕದ ಖಾಲಿ ತೂತಿಗೆ ಬೆರಳಿಟ್ಟ.

"ಇದನ್ನು ಯಾರು ಕಿತ್ತರು?"

"ನಾನೇ. ಸುಮ್ಮನೆ ಕಣ್ಣು ಮಿಟುಕಿಸುತ್ತಿತ್ತು."

"ಸಡಿಲ ಬೆಲ್ಟಿನಲ್ಲೇ ನೀನು ಘಾಟಿ ಹತ್ತಿ ಇಳಿದು ಬರುತ್ತಿದ್ದೆ ಮಾರಾಯ. ಚಾವಿ ತಿರುಗಿಸಿದಾಗ ಈ ಬಲ್ಬಿನೊಳಗಿಂದ ಹಾದುಹೋಗುವ ಚೂರು ಕರೆಂಟು ಇದೆಯಲ್ಲ, ಹಳೆಯ ಗಾಡಿಯಲ್ಲಿ ಡೈನಮೋವನ್ನು ಎಬ್ಬಿಸುವುದೇ ಅದು. ಡೈನಮೋ ಎದ್ದರೆ ಬ್ಯಾಟರಿಗೆ ಊಟ. ನೀನು ಹೋದದ್ದೂ ಬಂದದ್ದೂ ಬ್ಯಾಟರಿಯಲ್ಲಿದ್ದ ಹಿಂದಿನ ದಿನದ ಊಟದಲ್ಲಿ."

ಡ್ರೈವರ್ ಆ ತೂತಿಗೆ ತಾನೂ ಬೆರಳಿಟ್ಟ.

"ಗದರುವುದೂ ಅದೇ, ಎಬ್ಬಿಸುವುದೂ ಅದೇನಾ?"

"ಎರಡಕ್ಕೂ ಒಂದೇ ತಂತಿ."

ವ್ಯಾಪಾರಿ ಬೈಯಲಿಲ್ಲ. ಕಾರಿನ ಚಾವಿಯನ್ನು ತೆಗೆದುಕೊಂಡು ಒಳಗೆ ಹೋಗಿ ಗೂಟಕ್ಕೆ ಹಾಕಿದ. ಡ್ರೈವರನೂ ಕೇಳಲಿಲ್ಲ. ಮೆಟ್ಟಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅಕ್ಕ ಕುಂಟುತ್ತ ಹೊರಗೆ ಬಂದಳು. ಅವನ ಕೈ ಹಿಡಿದು, ತನ್ನ ಮುಷ್ಟಿಯನ್ನು ಅದರಲ್ಲಿ ಬಿಚ್ಚಿದಳು.

ಅವನಿಗೆ ಕೊನೆಗೆ ಸಿಕ್ಕಿದ್ದು ಹುಣಿಸೆ ಬೀಜದಷ್ಟು ಗಾತ್ರದ ಒಂದು ಕೆಂಪು ಬಲ್ಬು.

ಗುರುಗಳು ಕತೆ ನಿಲ್ಲಿಸಿದರು.

"ಅದು ಕಾರಿನ ಮಾತಾಯಿತು. ನಾನು ಕೇಳಿದ್ದು ಈರಜ್ಜನ ವಿಷಯ," ಎಂದ ಹಾಲಪ್ಪ. ಆದರೆ ದನಿ ಮೊದಲಿನಷ್ಟು ಎತ್ತರದಲ್ಲಿರಲಿಲ್ಲ.

ಗುರುಗಳು ತಂಬೂರಿಯನ್ನು ಮತ್ತೆ ತೊಡೆಗೆ ತೆಗೆದುಕೊಂಡರು.

"ಪದ ಎತ್ತುವ ಮೊದಲು ನೀನು ಕಣ್ಣು ಮುಚ್ಚಿ ಕಾಯುತ್ತೀಯಲ್ಲ, ಯಾರ ತಾಳಕ್ಕೆ?"