ಗೂಳ್ಯಾ ಈಜುಕೊಳದ ಉಪ್ಪು ತೆಗೆದದ್ದು

ವರ್ಷಕ್ಕೆ ಅರವತ್ತು ಸಾವಿರದ ಗುತ್ತಿಗೆ! ಫಿನಾಯಿಲ್, ಪೊರಕೆ ಮಾರುವ ಶಂಕ್ರವ್ವ ಇಂಥ ಗಿರಾಕಿಗಾಗಿ ವರ್ಷಗಟ್ಟಲೆ ಕಾದಿದ್ದಳು. ಅಮರಣ್ಣ ಸಾಹುಕಾರರ ರೆಸಾರ್ಟಿನ ಈಜುಕೊಳಕ್ಕೆ ಬೋರಿನ ಗಡಸು ನೀರು. ನೀಲಿ ಟೈಲ್ಸಿನ ಅಂಚಿಗೆಲ್ಲ ಬಿಳಿ ಉಪ್ಪು ಕಟ್ಟಿ ಕಲ್ಲಾಗಿತ್ತು. ಭಾನುವಾರದ ಮದುವೆಯೊಳಗೆ ಅದು ಹೋದರೆ ಗುತ್ತಿಗೆ ಶಂಕ್ರವ್ವನಿಗೆ. ಹೋಗದಿದ್ದರೆ ಎದುರು ಅಂಗಡಿಯವನಿಗೆ.

ಅವಳು ಅಂಗಡಿ ಬಿಟ್ಟು ಏಳುವಂತಿಲ್ಲ. ಕಳಿಸಲು ಇದ್ದವನು ಮಗ ಗೂಳ್ಯಾ ಒಬ್ಬನೇ. ಮೈಯಲ್ಲಿ ಎತ್ತಿನ ಕಸುವು. ತಲೆಯ ಮಾತು ಬಿಡಿ.

"ಬಿಳೇದು ಕಂಡಲ್ಲೆಲ್ಲ ಉಜ್ಜು!" ಅಂದು ಉಜ್ಜುಗಲ್ಲು ಕೊಟ್ಟಳು.

ಗೂಳ್ಯಾ ಹೋದ. ಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ 'ಆಳ ಇದೆ, ಎಚ್ಚರ' ಎಂದು ಬರೆದಿತ್ತು. ಬಿಳಿ ಕಂಡಿತು, ಉಜ್ಜಿದ. ಆಳವೂ ಹೋಯಿತು, ಎಚ್ಚರವೂ ಹೋಯಿತು!

"ಏ ಮಬ್ಬ! ನಿನ್ನ ಹಡೆದ ಹೊಟ್ಟೀಗೆ ಬೆಂಕಿ ಹಾಕ! ಮೊದಲು ಯಾರಿಗೂ ಕಾಣದ ಮೂಲ್ಯಾಗ ಹಚ್ಚಿ ನೋಡಬೇಕು!" ಅಂದು ಶಂಕ್ರವ್ವ ಉಪ್ಪು ಕರಗಿಸುವ ವಿನೆಗರ್ ಕ್ಯಾನು ಕೈಗಿಟ್ಟಳು.

ಗೂಳ್ಯಾ ಹೋದ. ಕೊಳದ ಮೂಲೆ ಎಲ್ಲರಿಗೂ ಕಾಣುತ್ತದಲ್ಲ! ಹುಡುಕಿ ಹುಡುಕಿ ಸಾಹುಕಾರರ ಕೋಣೆಗೆ ನುಗ್ಗಿದ. ತಿಜೋರಿಯ ಹಿಂದಿನ ಮೂಲೆ ಯಾರಿಗೂ ಕಾಣದು. ಅಲ್ಲೇ ಸುರಿದ. ಹೊಸ ಮಾರ್ಬಲ್ಲಿನ ಹೊಳಪೆಲ್ಲ ತಿಂದುಹೋಯಿತು.

"ಲೇ ಕತ್ತೆ!" ಶಂಕ್ರವ್ವ ಪೊರಕೆ ಎತ್ತಿದಳು. "ಕೊಳದ ಅಂಚಿಗೆ ಹಚ್ಚಲೇ! ಸಿಕ್ಕ ಬಟ್ಟಿ ವಿನೆಗರ್‌ನ್ಯಾಗ ತೋಯಿಸಿ ಹೊದಿಸು! ಅರ್ಧ ತಾಸು ಯಾರು ಬೇಡಿದ್ರೂ ತೆಗೀಬ್ಯಾಡ!"

ಗೂಳ್ಯಾ ಹೋದ. ಮದುವೆಗೆ ಮೊದಲೇ ಬಂದಿಳಿದಿದ್ದ ವರನ ಅಪ್ಪ ನೀರಿಗಿಳಿದಿದ್ದ. ಅವನ ಜರಿ ಧೋತ್ರ ಕುರ್ಚಿಯ ಮೇಲಿತ್ತು. ಸಿಕ್ಕ ಬಟ್ಟೆ ಅದೇ! ತೋಯಿಸಿದ, ಅಂಚಿಗೆ ಹೊದಿಸಿದ.

"ಏ ತಮ್ಮಾ, ನನ್ನ ಧೋತ್ರ ಕೊಡೋ! ಬೀಗರ ಹೆಣ್ಣುಮಕ್ಕಳು ಬರಾಕತ್ತಾರೋ!"

"ಅರ್ಧ ತಾಸು ಆಗಿಲ್ರೀ ಯಜಮಾನ್ರ."

"ಕೈ ಮುಗೀತೀನೋ!"

"ಬೇಡಿದ್ರೂ ಕೊಡಬ್ಯಾಡ ಅಂದಾಳ್ರೀ ನಮ್ಮವ್ವ."

ಪಾಪ, ಅವನು ಕುತ್ತಿಗೆ ಮಟ್ಟ ನೀರಿನಲ್ಲಿ ಅರ್ಧ ತಾಸು ನಡುಗುತ್ತಾ ನಿಂತ! ಸಾಹುಕಾರರು ಬೈದ ಬೈಗುಳಗಳು ಫೋನಿನಾಚೆ ಅಂಗಡಿಯ ಡಬ್ಬಗಳನ್ನೂ ಅಲ್ಲಾಡಿಸಿದವು. ಧೋತ್ರದ ಅಡಿ ಮಾತ್ರ ಟೈಲ್ಸು ಫಳಫಳ. ಉಳಿದ ಕಡೆ ಉಪ್ಪು ಇದ್ದಂತೆಯೇ ಇತ್ತು.

ಶಂಕ್ರವ್ವ ಹಲ್ಲು ಕಡಿದಳು. "ಮ್ಯಾಲ ಮ್ಯಾಲ ಒರೆಸಿದ್ದು ಸಾಕೋ ಮೂಳ! ನೀರು ಹದ ಮಾಡೋ ಪುಡಿ ಕೊಡ್ತೀನಿ. ಉಪ್ಪು ಬರೋ ದಾರೀನ ಬಂದ್ ಮಾಡು! ಇನ್ನೊಂದ್ಸಲ ಬರಬಾರದು!"

ಪುಡಿ ತರಲು ಅವಳು ಒಳಗೆ ಹೋಗಿ ಬರುವಷ್ಟರಲ್ಲಿ ಗೂಳ್ಯಾ ಹೋಗಿಯಾಗಿತ್ತು. ರೆಸಾರ್ಟಿನ ಮಾಲಿಯನ್ನು ಕೇಳಿದ: "ಅಣ್ಣಾ, ಈ ಉಪ್ಪು ಎಲ್ಲಿಂದ ಬರ್ತೈತಿ?"

"ಬೋರಿನಿಂದ, ಮತ್ತೆಲ್ಲಿಂದ?"

ಗೂಳ್ಯಾ ಮೋಟರ್ ಕಿತ್ತೆಸೆದ. ಬೋರಿನ ಬಾಯಿಗೆ ಬುಟ್ಟಿಗಟ್ಟಲೆ ಜಲ್ಲಿ ಸುರಿದ. ಮೇಲೆ ಸಿಮೆಂಟು ಮೆತ್ತಿ, ಕಾಲಿನಿಂದ ತುಳಿದು ಗಟ್ಟಿ ಮಾಡಿದ. ಬೆಳಗಾದರೆ ಮದುವೆ. ನಳದಲ್ಲಿ ಹನಿ ನೀರಿಲ್ಲ!

"ಯವ್ವಾ, ದಾರಿ ಬಂದ್!" ಗೂಳ್ಯಾ ಕುಣಿಯುತ್ತ ಮನೆಗೆ ಬಂದ. "ಇನ್ನ ಒಂದು ಹರಳೂ ಬರೂದಿಲ್ಲ!"

ಗುತ್ತಿಗೆ ಎದುರು ಅಂಗಡಿಯವನಿಗೆ ಹೋಯಿತು. ಹೊಸ ಬೋರಿಗೆ ಶಂಕ್ರವ್ವನ ಕೈಯ ಬಂಗಾರದ ಬಿಲ್ವಾರ ಹೋದವು. ಬಂದ ಲಾಭ ಇಷ್ಟೇ: ಒಂದು ಧೋತ್ರದಗಲ ಫಳಫಳ ಟೈಲ್ಸು, ಅದೂ ಸಾಹುಕಾರರದು.