ದೂರದ ಬೆಂಡು

ನದಿಯ ದಡದ ಆಶ್ರಮವೊಂದರಲ್ಲಿ ಚಂದ್ರಮತಮ್ಮ ಎಂಬ ಗುರು ರಸಾಯನಶಾಸ್ತ್ರ ಕಲಿಸುತ್ತಿದ್ದರು. ಕಣ್ಣಿಗೆ ಕಾಣದ ಅಣುವಿನೊಳಗೆ ಯಾವ ಪರಮಾಣು ಯಾವುದರ ಕೈ ಹಿಡಿದಿದೆ ಎಂದು ತಿಳಿಯುವುದು ಅವರ ವಿದ್ಯೆ.

ಶಿಷ್ಯೆ ಕಾತ್ಯಾಯಿನಿ, ಜ್ವರ ಇಳಿಸುವ ಒಂದು ಮರದ ತೊಗಟೆಯಿಂದ ಕಹಿ ಹರಳುಗಳನ್ನು ತೆಗೆದಿದ್ದಳು. ಅವುಗಳ ಅಣುವಿನ ಚಿತ್ರವನ್ನೂ ಬರೆದು ಮುಗಿಸಿದ್ದಳು. ಆಚೆ ದಡದಲ್ಲಿ ವೈದ್ಯರು ಕಾಯುತ್ತಿದ್ದರು. ಚಿತ್ರ ಕೈಸೇರಿದರೆ ಅದನ್ನು ನೋಡಿಕೊಂಡು ಅದೇ ಮದ್ದನ್ನು ತಾವೇ ತಯಾರಿಸುವವರಿದ್ದರು.

ಬೆಳಿಗ್ಗೆ ದೋಣಿ ಬರುವ ಮೊದಲು ಅವಳು ಚಿತ್ರವನ್ನು ಗುರುವಿನ ಮುಂದಿಟ್ಟಳು.

"ನೇರವಾದ ಸರಪಳಿ, ಅಮ್ಮಾ. ಎಲ್ಲ ಬಂಧಗಳೂ ಹೊಂದಿಕೊಂಡಿವೆ."

"ಚೆನ್ನಾಗಿದೆ. ಯಂತ್ರ ಬರೆದ ಗೆರೆಗಳೆಲ್ಲಿ?"

ಆಶ್ರಮದ ಯಂತ್ರವೆಂದರೆ ಒಂದು ದೊಡ್ಡ ಅಯಸ್ಕಾಂತ. ಅದರೊಳಗೆ ಅಣುವಿನ ಒಂದು ಹೈಡ್ರೋಜನ್ ಪರಮಾಣುವನ್ನು ಕೆಣಕಿದರೆ ಅದರ ಹತ್ತಿರದವು ಮಿಸುಕುತ್ತವೆ. ಪ್ರತಿ ಮಿಸುಕಿಗೂ ಕಾಗದದ ಮೇಲೆ ಒಂದು ಗೆರೆ ಏಳುತ್ತದೆ.

ಚಂದ್ರಮತಮ್ಮ ಅವಳು ಕೊಟ್ಟ ಗೆರೆಗಳ ಕಾಗದವನ್ನು ಬೆಳಕಿಗೆ ಹಿಡಿದರು. ಒಂದು ಕಡೆ ಬ್ಲೇಡಿನಿಂದ ಕೆರೆದ ಗುರುತಿತ್ತು.

"ಇಲ್ಲೇನಿತ್ತು?"

"ಸಣ್ಣದೊಂದು ಗೆರೆ. ಸರಪಳಿಯ ಈ ತುದಿಯನ್ನು ಕೆಣಕಿದರೆ ಆ ತುದಿ ಮಿಸುಕುತ್ತಿತ್ತು. ಅಷ್ಟು ದೂರದ್ದು ಹೇಗೆ ಮಿಸುಕೀತು? ಹರಳಿನಲ್ಲಿ ಕೊಳೆ ಉಳಿದಿರಬೇಕು ಎಂದು ಕೆರೆದೆ."

"ಹರಳನ್ನು ಮತ್ತೆ ಶುದ್ಧ ಮಾಡಿದೆಯಾ?"

"ಮಾಡಿದೆ."

"ಗೆರೆ ಹೋಯಿತಾ?"

"ಇಲ್ಲ, ಅಮ್ಮಾ."

"ಬಾ" ಎಂದು ಗುರು ನದಿಯ ಕಡೆ ನಡೆದರು.

ಬೆಸ್ತರ ಹೊನ್ನಪ್ಪ ಬಲೆ ಹಾಕಿ ದಂಡೆಯಲ್ಲಿ ಕುಳಿತಿದ್ದ. ಬಲೆ ನೀರಿನೊಳಗಿತ್ತು. ಮೇಲೆ ಕಾಣುತ್ತಿದ್ದದ್ದು ಬಿಲ್ಲಿನಂತೆ ಬಾಗಿದ ಸಾಲಿನಲ್ಲಿ ತೇಲುವ ಬೆಂಡುಗಳು ಮಾತ್ರ.

"ಈ ಮೊದಲನೆಯದನ್ನು ಎಳೆ."

ಕಾತ್ಯಾಯಿನಿ ಎಳೆದಳು. ಪಕ್ಕದ ಬೆಂಡು ಕುಣಿಯಿತು. ಅದರಾಚೆಯದು ತುಸು ತೂಗಿತು. ಉಳಿದವು ಸುಮ್ಮನಿದ್ದವು. ದೂರದಲ್ಲಿ, ಸಾಲಿನ ಕೊನೆಯ ಬೆಂಡು ತಲೆಯಾಡಿಸಿತು.

"ಅದಕ್ಕೇನಾಯಿತು?"

"ಗಾಳಿ ಇರಬೇಕು, ಅಮ್ಮಾ."

"ಅದೊಂದಕ್ಕೇ ಬೀಸಿತೇನೇ ಗಾಳಿ?"

ಮತ್ತೆ ಎಳೆದಳು. ಕೊನೆಯ ಬೆಂಡು ಮತ್ತೆ ತಲೆಯಾಡಿಸಿತು.

"ಹಾಗಾದರೆ ಮೀನು."

"ನೀನು ಎಳೆದಾಗಲೇ ಬರುವ ಮೀನು! ಸಾಕಿಕೊಂಡಿದ್ದೀಯಾ?"

ಹೊನ್ನಪ್ಪ ತಡೆಯಲಾರದೆ ಕೂಗಿದ. "ಅಮ್ಮೋರೇ, ನೀವಿಬ್ಬರೂ ಹಿಂಗೆ ಎಳೀತಾ ಇದ್ರೆ ಇವತ್ತು ನಮ್ಮನೇಲಿ ಬರೀ ಸೊಪ್ಪಿನ ಸಾರೇ!"

ಕಾತ್ಯಾಯಿನಿ ಜೊತೆಗೆ ತಂದಿದ್ದ ಚಿತ್ರವನ್ನು ದಂಡೆಯ ಮೇಲಿಟ್ಟು, ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಮೊದಲ ಬೆಂಡಿನ ಕೆಳಗೆ ಕೈಯಾಡಿಸಿದಳು. ಬೆರಳಿಗೆ ಒಂದು ಹಗ್ಗ ಸಿಕ್ಕಿತು. ಅದನ್ನೇ ಹಿಡಿದು ಹೋದಳು. ಹಗ್ಗ ನೀರಿನಡಿಯಲ್ಲೇ ನೇರವಾಗಿ ಕೊನೆಯ ಬೆಂಡಿಗೆ ಮುಟ್ಟಿತ್ತು.

ಎದೆಮಟ್ಟದ ನೀರಿನಲ್ಲಿ ನಿಂತೇ ಅವಳು ದಂಡೆಯತ್ತ ತಿರುಗಿದಳು.

"ಅಮ್ಮಾ, ನನ್ನ ಅಣು ಸರಪಳಿಯಲ್ಲ. ಎರಡು ತುದಿಗಳೂ ಒಂದನ್ನೊಂದು ಹಿಡಿದಿವೆ. ಅದು ಉಂಗುರ."



ಅಷ್ಟರಲ್ಲಿ ದೋಣಿ ಬಂದು ನಿಂತಿತು. "ಬರ್ತೀರಾ, ಅಮ್ಮಣ್ಣಿ? ವೈದ್ಯರು ನಿಮ್ಮ ಚಿತ್ರಕ್ಕೇ ಕಾಯ್ತಾವ್ರೆ" ಎಂದ ಅಂಬಿಗ.

ಕಾತ್ಯಾಯಿನಿ ದಂಡೆಯ ಮೇಲಿಟ್ಟಿದ್ದ ಚಿತ್ರವನ್ನು ನೋಡಿದಳು. ಅಂದವಾಗಿತ್ತು. ಅದರ ಕೆಳಗೆ ತನ್ನ ಹೆಸರನ್ನೂ ದುಂಡಗೆ ಬರೆದಿದ್ದಳು.

"ಇವತ್ತು ಬರಲ್ಲಪ್ಪ. ನಾನು ಬರುವವರೆಗೆ ಮದ್ದು ಮಾಡಬೇಡಿ ಅಂತ ಹೇಳು."

ದೋಣಿ ತಿರುಗಿ ಹೋಯಿತು. ಅವಳು ಒದ್ದೆ ಮರಳಿನ ಮೇಲೆ ಬೆರಳಿನಿಂದ ಅಣುವನ್ನು ಮತ್ತೆ ಬರೆದಳು, ಈ ಸಲ ಉಂಗುರವಾಗಿ. ಬರೆದು ಗುರುವಿನ ಮುಖ ನೋಡಿದಳು.

"ಈಗ ಸರಿಯಾ, ಅಮ್ಮಾ?"

"ನನ್ನ ಮುಖದಲ್ಲಿ ಏನು ಹುಡುಕುತ್ತೀಯೇ? ಹೋಗಿ ಅಣುವನ್ನೇ ಕೆಣಕಿ ಕೇಳು. ಈ ಸಲ ಅದು ಹೇಳಿದ್ದನ್ನು ಕೆರೆದು ಹಾಕಬೇಡ."