ದುಂಡಪ್ಪ ಡಾಕ್ಟರಿಗೆ ಕಳಿಸಿದ ವಿಡಿಯೊಗಳು

ಮನೆಯಲ್ಲಿ ಇದ್ದದ್ದು ಮೂರು ಜೀವ. ನೀಲವ್ವ, ಅವಳ ಮಗ ದುಂಡಪ್ಪ, ಒಂದು ಎಮ್ಮೆ. ಮನೆ ನಡೆಯುತ್ತಿದ್ದದ್ದು ಎಮ್ಮೆಯಿಂದ, ಕೆಡುತ್ತಿದ್ದದ್ದು ದುಂಡಪ್ಪನಿಂದ. ಇಪ್ಪತ್ತೈದು ವರ್ಷದ ಗಂಡಸು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅವ್ವನಿಗೆ ಅದೇ ಚಿಂತೆ.

ಎಮ್ಮೆ ಗಬ್ಬವಾಗಿತ್ತು. ಹೋದ ಸಲ ಈಯುವಾಗ ಕರು ಸಿಕ್ಕಿಕೊಂಡು, ದನದ ಡಾಕ್ಟರು ಬರುವಷ್ಟರಲ್ಲಿ ಸತ್ತಿತ್ತು. ಡಾಕ್ಟರು ಒಬ್ಬರೇ, ನೋಡಬೇಕಾದ ಊರು ಒಂಬತ್ತು. ಈ ಸಲ ಅವರೇ ಉಪಾಯ ಹೇಳಿದರು.

"ನೀಲವ್ವ, ದಿನಾ ಎಮ್ಮೀದು ಒಂದು ವಿಡಿಯೊ ಕಳಸ್ರಿ. ನೋಡಿ ಹೇಳ್ತೀನಿ. ಇನ್ನೊಮ್ಮೆ ಹಂಗಾತಂದ್ರ ಎಮ್ಮೀನೂ ಉಳಿಯೂದಿಲ್ಲ."

ನೀಲವ್ವ ತಮ್ಮನ ಹಳೇ ಫೋನು ತಂದು ಮಗನ ಕೈಗಿಟ್ಟಳು.

"ಎಮ್ಮೀ ಮುಂದ ಕುಂದ್ರು. ಅದು ಏನು ಮಾಡ್ತೈತಿ, ಎಲ್ಲಾ ಹಿಡದು ಡಾಕ್ಟರಿಗೆ ಕಳಸು."

ದುಂಡಪ್ಪ ಕೂತ. ಎಮ್ಮೆ ಮೆಲುಕು ಹಾಕಿತು. ಹಿಡಿದ, ಕಳಿಸಿದ. ಮತ್ತೆ ಮೆಲುಕು ಹಾಕಿತು. ಮತ್ತೆ ಹಿಡಿದ, ಮತ್ತೆ ಕಳಿಸಿದ. ಮಧ್ಯಾಹ್ನಕ್ಕೆ ಡಾಕ್ಟರ ಫೋನು ಬಂತು.

"ನೀಲವ್ವ, ನಾಕು ತಾಸು ಎಮ್ಮಿ ಬಾಯಿ ನೋಡಿಕೋತ ಕುಂದರ್ಲೇನು? ನನ್ನ ಫೋನ್ ತುಂಬಿ ನಿಂತೈತಿ!"

ನೀಲವ್ವ ಹಣೆ ಬಡಿದುಕೊಂಡಳು. "ಲೇ ಮಬ್ಬ! ಎಲ್ಲಾ ಕಳಸ್ತಾರೇನಲೇ? ನೋಡಿದವ್ರು 'ಅಬ್ಬಾ' ಅನ್ನಬೇಕು. ಅಂಥಾದ್ದೇನರ ಆದ್ರಷ್ಟ ಕಳಸು!"

"ಹೂನವ್ವಾ. ಅಬ್ಬಾ ಅನ್ನಬೇಕು."

ಮರುದಿನ ನೀಲವ್ವ ರೊಟ್ಟಿ ಮಾರಲು ಹೋದಳು. ಎಮ್ಮೆ ಮೇವು ಮುಟ್ಟಲಿಲ್ಲ. ಕಾಲು ಬಡಿಯಿತು, ನರಳಿತು. ದುಂಡಪ್ಪ ನೋಡಿದ. 'ಅಬ್ಬಾ' ಅನ್ನುವಂಥದ್ದೇನೂ ಕಾಣಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಕೋಳಿಯೊಂದು ಹಾರಿ ಅವರದೇ ಆಡಿನ ಬೆನ್ನ ಮೇಲೆ ಕೂತಿತು. ಆಡು ಓಡಿತು. ಕೋಳಿ ಇಳಿಯಲಿಲ್ಲ. ಅಂಗಳದ ಸುತ್ತ ಮೂರು ಸುತ್ತು!

"ಅಬ್ಬಾ!" ಅಂದ ದುಂಡಪ್ಪ. ಹಿಡಿದ, ಕಳಿಸಿದ.

ಡಾಕ್ಟರು ನಕ್ಕು ಗೆಳೆಯರಿಗೆ ಕಳಿಸಿದರು. ಗೆಳೆಯರು ಬೀಗರಿಗೆ ಕಳಿಸಿದರು. ಸಂಜೆಗೆ ಅದು ತಿರುಗಿ ಇದೇ ಊರಿನ ಹಾಲಿನ ಸೊಸೈಟಿ ಗ್ರೂಪಿಗೆ ಬಂತು. ನೀಲವ್ವ ಬಂದಾಗ ಎಮ್ಮೆಯ ಹೊಟ್ಟೆ ನಗಾರಿಯ ಹಾಗೆ ಬಿಗಿದಿತ್ತು.

"ಮೇವು ಬಿಟ್ಟು ಎಷ್ಟೊತ್ತಾತೋ?"

"ಮುಂಜಾನಿಂದವ್ವ. ಆದ್ರ ಯಾರೂ ಅಬ್ಬಾ ಅನಲಿಲ್ಲ."

ಡಾಕ್ಟರು ಫೋನಿನಲ್ಲೇ ಹೇಳಿದರು. ಎಣ್ಣೆ ಕುಡಿಸಿದ್ದಾಯಿತು. ಎರಡು ತಾಸಿಗೆ ಹೊಟ್ಟೆ ಇಳಿಯಿತು. "ಇನ್ನ ನಾಕೈದು ದಿನದಾಗ ಈಯ್ತೈತಿ. ನನಗ ಹಿಂಭಾಗ ಕಾಣಬೇಕು," ಅಂದರು ಡಾಕ್ಟರು.

"ಕೇಳಿದೇನಲೇ? ಮಾರಿ ಬ್ಯಾಡ! ಹಿಂದ ನಿಂದ್ರು. ಬಾಲ ಇರೂ ಕಡೆ ಫೋನ್ ಹಿಡಿ!"

"ಹೂನವ್ವಾ. ಬಾಲ ಇರೂ ಕಡೆ."

ಮರುದಿನ ಸೊಸೈಟಿ ಅಧ್ಯಕ್ಷರಿಗೆ ಸನ್ಮಾನ. ಸೆಕ್ರೆಟರಿ ದುಂಡಪ್ಪನನ್ನು ಕರೆದ. "ಕೋಳಿ ವಿಡಿಯೊ ಮಾಡಿದಾಂವ ನೀನೇ ಹೌದಿಲ್ಲೋ? ಬಾ, ನಮ್ಮ ಕಾರ್ಯಕ್ರಮಾನೂ ಹಿಡಿ."

ದುಂಡಪ್ಪ ವೇದಿಕೆ ಹತ್ತಿ ಕುರ್ಚಿಗಳ ಹಿಂದೆ ನಿಂತ. ಸನ್ಮಾನಕ್ಕೆ ಎಲ್ಲರೂ ಎದ್ದು ನಿಂತರು. ಏಳು ಧೋತರ, ಒಂದು ಪ್ಯಾಂಟು. ಒಂದನ್ನೂ ಬಿಡದೆ ಹಿಡಿದ. ಸೆಕ್ರೆಟರಿ ನೋಡದೆ ಗ್ರೂಪಿಗೆ ಹಾಕಿದ. ಒಂದೇ ತಾಸಿನಲ್ಲಿ ಅವನು ನೀಲವ್ವನ ಬಾಗಿಲಲ್ಲಿ ನಿಂತಿದ್ದ.

"ಅಧ್ಯಕ್ಷರ ಮಾರಿ ಎಲ್ಲೈತಲೇ? ತಾಲೂಕಿಗೆ ತಾಲೂಕೇ ಅವರ ಕುಂಡಿ ನೋಡಿ ನಗಾಕತ್ತೈತಿ!"

"ಬಾಲ ಇರೂ ಕಡೆ ಹಿಡದೀನ್ರಿ," ಅಂದ ದುಂಡಪ್ಪ. "ಬಾಲ ಇರಲಿಲ್ಲ."

ನೀಲವ್ವ ಕೈ ಮುಗಿದು ಸೆಕ್ರೆಟರಿಯನ್ನು ಕಳಿಸಿ, ಮಗನ ಕಡೆ ತಿರುಗಿದಳು. "ಎಂಥಾ ಪೆದ್ದನ್ನ ಹಡದ್ನೋ ನಾನು! ಮುಂದ ನಿಂದರಬೇಕಲೇ! ಮಾರಿ ಹಿಡೀಬೇಕು. 'ನಗ್ರಿ' ಅನ್ನಬೇಕು. ನಗೂತನಾ ಬಿಡಬಾರದು!"

"ಹೂನವ್ವಾ. ನಗೂತನಾ ಬಿಡಬಾರದು."

ನಾಲ್ಕನೇ ದಿನ ಮುಂಜಾನೆ ಹತ್ತು ಗಂಟೆ. ನೀಲವ್ವ ಮನೆಯಲ್ಲಿರಲಿಲ್ಲ. ಎಮ್ಮೆ ಕೆಳಗೆ ಕೂತಿತು. ನೀರು ಒಡೆಯಿತು. ಕರುವಿನ ಒಂದು ಕಾಲು ಕಾಣಿಸಿತು. ದುಂಡಪ್ಪ ತಡಮಾಡದೆ ಡಾಕ್ಟರಿಗೆ ವಿಡಿಯೊ ಕಾಲ್ ಮಾಡಿದ.

"ನಾ ಬರಾಕ ಒಂದು ತಾಸು ಬೇಕು. ಲಗೂ ತೋರಸು!"

ದುಂಡಪ್ಪ ತೋರಿಸಿದ. ಎಮ್ಮೆಯ ಮುಖ.

"ಹಿಂದ ತೋರಸೋ! ಕಾಲು ಒಂದು ಬಂದೈತೋ, ಎರಡೋ?"

"ತಡೀರಿ ಸರ. ಇನ್ನೂ ನಕ್ಕಿಲ್ಲ."

"ಯಾರು?"

"ಎಮ್ಮಿ."

ಎಮ್ಮೆ ತಿಣುಕಿತು. ಕಣ್ಣು ಬೆಳ್ಳಗಾದವು. ದುಂಡಪ್ಪ ಅದರ ಕುತ್ತಿಗೆ ಸವರಿದ. "ನಗವ್ವ, ನಗು. ಡಾಕ್ಟರು ಕಾಯಾಕತ್ತಾರ."

ಡಾಕ್ಟರು ಕಿರುಚಿದ್ದು ಓಣಿಯವರೆಗೆ ಕೇಳಿಸಿತು. ಓಣಿಯಲ್ಲಿ ಬರುತ್ತಿದ್ದ ನೀಲವ್ವ ರೊಟ್ಟಿ ಬುಟ್ಟಿ ಎಸೆದು ಓಡಿ ಬಂದಳು. ಫೋನು ಕಸಿದು ಹಿಂದೆ ಹಿಡಿದಳು.

"ಒಂದೇ ಕಾಲು ಐತ್ರಿ!"

"ಇನ್ನೊಂದು ಒಳಗ ಮಡಚೈತಿ. ಎಳೀಬ್ಯಾಡ್ರಿ! ಎಳದ್ರ ಎರಡೂ ಜೀವ ಹೋಗ್ತಾವು. ಮೊದಲ ಕೈ ಸ್ವಚ್ಛ ತೊಳಕೊಳ್ರಿ!"

ನೀಲವ್ವ ಫೋನನ್ನು ಮಗನಿಗೆ ಕೊಟ್ಟು ಬಕೀಟಿನಲ್ಲಿ ಕೈ ತೊಳೆದಳು. ಡಾಕ್ಟರು ಹೇಳುತ್ತಿದ್ದರು: "ಕರೂನ್ನ ಒಳಗ ನೂಕ್ರಿ. ಗೊರಸು ಮುಷ್ಟ್ಯಾಗ ಹಿಡದು..."

ಕೈ ತೊಳೆಯಬೇಕೆಂದು ದುಂಡಪ್ಪನಿಗೂ ಕೇಳಿಸಿತ್ತು. ಎರಡೂ ಕೈ ಬಕೀಟಿನಲ್ಲಿ ಮುಳುಗಿಸಿದ. ಒಂದು ಕೈಯಲ್ಲಿ ಫೋನಿತ್ತು.

ಡಾಕ್ಟರ ದನಿ ನಿಂತಿತು.

ನೀಲವ್ವನಿಗೆ ಬಯ್ಯಲು ಹೊತ್ತಿರಲಿಲ್ಲ. ಮೊಣಕೈ ಮಟ ಒಳಗೆ ಹಾಕಿ ಕರುವನ್ನು ಹಿಂದಕ್ಕೆ ನೂಕಿದಳು. ಹುಡುಕಿದಳು. ಮೊಣಕಾಲು ಸಿಕ್ಕಿತು, ಆಮೇಲೆ ಗೊರಸು. ಮುಷ್ಟಿಯಲ್ಲಿ ಮುಚ್ಚಿ ಮೆಲ್ಲಗೆ ಮುಂದಕ್ಕೆ ತಂದಳು. ಎರಡನೇ ಕಾಲು ಹೊರಗೆ ಬಂತು.

"ಬಾರಲೇ! ಎಮ್ಮಿ ತಿಣುಕಿದಾಗಷ್ಟ ಜಗ್ಗು!"

ಎಮ್ಮೆ ತಿಣುಕಿತು, ಇಬ್ಬರೂ ಜಗ್ಗಿದರು. ಅದು ತಿಣುಕುವುದು ನಿಲ್ಲಿಸಿತು, ಇವರೂ ನಿಲ್ಲಿಸಿದರು. ಮತ್ತೆ ತಿಣುಕಿತು. ಕರು ಹುಲ್ಲಿನ ಮೇಲೆ ಜಾರಿ ಬಿತ್ತು.

ಅಲುಗಲಿಲ್ಲ.

ನೀಲವ್ವ ಮೂಗಿನ ಸಿಂಬಳ ತೆಗೆದಳು. ಎದೆ ತಿಕ್ಕಿದಳು. ಇಲ್ಲ.

"ಎಮ್ಮೀ ಬಾಯಿ ಮುಂದ ಹಾಕು, ಲಗೂ! ಆಕಿ ನೆಕ್ಕಿದ್ರ ಜೀವ ಬರ್ತೈತಿ!"

ಎಳೆದು ಹಾಕಿದರು. ಎಮ್ಮೆ ಮೂಸಿತು. ಒಮ್ಮೆ ನೆಕ್ಕಿತು. ಎರಡು ಸಲ. ಐದು ಸಲ. ಕರು ಸೀನಿತು! ಕಿವಿ ಅಲುಗಿದವು. ನೀಲವ್ವ ಅಲ್ಲೇ ಸಗಣಿಯಲ್ಲಿ ಕೂತು ಅತ್ತಳು.

ಅರ್ಧ ತಾಸಿಗೆ ಡಾಕ್ಟರ ಬೈಕು ಬಂತು.

"ಎಮ್ಮಿ ಉಳೀತೇನ್ರಿ?"

"ಎರಡೂ ಉಳದಾವ್ರಿ."

"ಮತ್ತ ಫೋನ್ ಯಾಕ ಬಂದಾತು?"

"ಶ್!" ಅಂದ ದುಂಡಪ್ಪ.

ಅವನು ಎಮ್ಮೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಕರುವನ್ನು ಪಕ್ಕಕ್ಕೆ ಸರಿಸಿದ್ದ. ಅದರ ಜಾಗದಲ್ಲಿ, ಹುಲ್ಲಿನ ಮೇಲೆ, ನೀರು ಕುಡಿದ ಫೋನು. ಎಮ್ಮೆ ಅದನ್ನು ಒಂದೇ ಸಮನೆ ನೆಕ್ಕುತ್ತಿತ್ತು.

"ಗದ್ದಲ ಮಾಡಬ್ಯಾಡ್ರಿ ಸರ. ಕರೂಗ ಐದು ಸಲಕ್ಕ ಜೀವ ಬಂತು. ಇದು ಸ್ವಲ್ಪ ಹಳೇದು."